ಎಪ್ಪತ್ತೈದು ಎಲ್ಲಿ ಹೋಯಿತು? ಒಂದು ಭತ್ತದ ಪಟ್ಟಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಕಂಪನಿಗೆ ಹೆಸರಿಲ್ಲ, ಜನರಿಗೂ ಇಲ್ಲ. ಅಂಗಡಿಗಳ ಸಂಖ್ಯೆ, ಚೀಲದ ಲೆಕ್ಕ, ರೇಟು ಎಲ್ಲಾ ಸ್ವಲ್ಪ ಆಚೀಚೆ ಮಾಡಿದ್ದೇನೆ. ತಪ್ಪನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ, ಯಾಕಂದ್ರೆ ಅದರಲ್ಲಿ ದೊಡ್ಡ ಪಾಲು ನನ್ನದು.

ನಾವು ಮಾಡುತ್ತಿದ್ದ ಕೆಲಸ

ಗಂಗಾವತಿ ಕಡೆ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾವು ಐದು ಜನ. ಮಾಲೀಕರು, ಬ್ಯಾಕೆಂಡ್‌ಗೆ (ಒಳಗಿನ ಲೆಕ್ಕದ ಕೋಡಿಗೆ) ನಾನು ಮತ್ತು ಒಬ್ಬ ಹೊಸ ಹುಡುಗ, ಆ್ಯಪ್ ಮಾಡುವ ಒಬ್ಬಳು, ಆಮೇಲೆ ಅಕ್ಕ. ಅಕ್ಕ ಅಂದ್ರೆ ಸಪೋರ್ಟ್ ಫೋನ್ ಎತ್ತುವವರು. ಅದಕ್ಕೂ ಮುಂಚೆ ಹನ್ನೆರಡು ವರ್ಷ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಖಾತೆ ಪುಸ್ತಕ) ಅವರಿಗೆ ಬಾಯಿಪಾಠ. ಕೋಡ್ ಗೊತ್ತಿಲ್ಲ. ಈ ಕೊನೆಯ ವಿಷಯವನ್ನು ನಾನು ಆಗ ತುಂಬಾ ದೊಡ್ಡದು ಅಂದುಕೊಂಡಿದ್ದೆ.

ದಲಾಲಿ ಅಂಗಡಿಗಳಿಗೆ ಮತ್ತು ಸಣ್ಣ ಮಿಲ್ಲುಗಳಿಗೆ ನಮ್ಮ ಸಾಫ್ಟ್‌ವೇರ್. ರೈತ ಟ್ರ್ಯಾಕ್ಟರಿನಲ್ಲಿ ಭತ್ತ ತರುತ್ತಾನೆ, ಕಾಟಾದ ಮೇಲೆ ತೂಕ ಆಗುತ್ತದೆ, ರೇಟು ಕೂಡುತ್ತದೆ, ಹಮಾಲಿ ಮತ್ತು ಮುಂಚೆ ತಗೊಂಡ ಮುಂಗಡ ಕಳೆದು ಕೊನೆಗೆ ಕೈಗೆ ಎಷ್ಟು ಅಂತ ಒಂದು ಪಟ್ಟಿ ಪ್ರಿಂಟ್ ಆಗುತ್ತದೆ. ರೈತ ಮನೆಗೆ ಒಯ್ಯುವುದು ಆ ಚೀಟಿಯನ್ನು. ಉಳಿದ ರಿಪೋರ್ಟು, ಗ್ರಾಫು, ಡ್ಯಾಶ್‌ಬೋರ್ಡು ಎಲ್ಲಾ ಸಾವ್ಕಾರ್ರಿಗೆ ತೋರಿಸೋಕೆ.

ನಮ್ಮ ಸೀಮೆಯಲ್ಲಿ ಭತ್ತದ ರೇಟು ಅಂದ್ರೆ 75 ಕೆಜಿ ಚೀಲದ ರೇಟು. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 'ಇವತ್ತು ಸೋನಾ ಹತ್ತೊಂಬತ್ತು ನೂರು' ಅಂದರೆ ಮುಗೀತು. ಸರ್ಕಾರದ ಬೆಂಬಲ ಬೆಲೆ ಮಾತ್ರ ಕ್ವಿಂಟಲ್ ಲೆಕ್ಕ. 2024-25ಕ್ಕೆ ಸಾಮಾನ್ಯ ಭತ್ತಕ್ಕೆ 2,300 ರೂಪಾಯಿ, ಎ ಗ್ರೇಡ್‌ಗೆ 2,320. ಅಂದ್ರೆ ಪೇಪರಿನಲ್ಲಿ ಓದುವ ನಂಬರ್ ಒಂದು ಅಳತೆಯದು, ಅಂಗಡಿ ಕಟ್ಟೆಯ ಮೇಲೆ ಕೇಳುವ ನಂಬರ್ ಇನ್ನೊಂದು ಅಳತೆಯದು. ಇಲ್ಲೇ ಹುಟ್ಟಿ ಬೆಳೆದವರಿಗೆ ಇದು ತಲೆಗೇ ಬರುವುದಿಲ್ಲ.

2021ರಲ್ಲಿ ಲೆಕ್ಕದ ಕೋಡ್ ಬರೆದಾಗ ನನಗೂ ತಲೆಗೆ ಬರಲಿಲ್ಲ. ತೂಕ ಭಾಗಿಸು 75, ಗುಣಿಸು ರೇಟು. ಅಷ್ಟೇ. ಈ ಸಾಲು ಮೂರು ಕಡೆ ಇತ್ತು: ಪಟ್ಟಿ ಮಾಡುವಲ್ಲಿ, ಖರೀದಿ ರಿಪೋರ್ಟಿನಲ್ಲಿ, ಖಾತೆಗೆ ಹತ್ತಿಸುವಲ್ಲಿ. ಆ 75ಕ್ಕೆ ಹೆಸರಿಲ್ಲ, ಪಕ್ಕದಲ್ಲಿ ಒಂದು ಕಾಮೆಂಟ್ ಇಲ್ಲ. ಟೇಬಲ್‌ನಲ್ಲಿ ಕಾಲಂ ಹೆಸರು ಬರೀ 'ರೇಟ್'. ಯಾವುದರ ರೇಟು, ಎಷ್ಟು ಕೆಜಿಗೆ ಅಂತ ಎಲ್ಲೂ ಇಲ್ಲ.

ಮೂರು ವರ್ಷ ಏನೂ ಆಗಲಿಲ್ಲ. ಆಮೇಲೆ ಮಾಲೀಕರು ರಾಯಚೂರಿನ ಎರಡು ಹತ್ತಿ ಅಂಗಡಿ ಹಿಡಿದುಕೊಂಡು ಬಂದರು. ಹತ್ತಿ ಕ್ವಿಂಟಲ್ ಲೆಕ್ಕ. ಅವಸರದಲ್ಲಿ ನಾನು ಅದೇ ಕೋಡನ್ನು ಕಾಪಿ ಮಾಡಿ, 75 ಇದ್ದ ಕಡೆ 100 ಹಾಕಿ ಕೊಟ್ಟುಬಿಟ್ಟೆ.

ಗುರುವಾರ

ಅದು 2024. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದ ವರ್ಷ. ಈ ಸಲ ಭತ್ತದ ಕಥೆ ಮುಗೀತು ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಒಂದು ವಾರದಲ್ಲಿ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆ) ಇಳಿಸಿದರು, ಆಮೇಲೆ ಮಳೆಯೂ ಬಂತು, ಡ್ಯಾಂ ಮತ್ತೆ ತುಂಬಿತು. ನವೆಂಬರ್ ಕೊನೆಗೆ ಕೊಯ್ಲು ಜೋರು. ನಮಗೂ ಸುಗ್ಗಿ, ದಿನಕ್ಕೆ ನೂರಾರು ಪಟ್ಟಿ.

ಹೊಸ ಹುಡುಗ ಹಳೇ ಮೈಸೂರು ಕಡೆಯವನು. ಚುರುಕು. ಒಂದೇ ಲೆಕ್ಕ ನಾಲ್ಕು ಕಡೆ ಚದುರಿದ್ದು ಅವನ ಕಣ್ಣಿಗೆ ಬಿತ್ತು. ಎಲ್ಲವನ್ನೂ ಒಂದೇ ಫಂಕ್ಷನ್ನಿಗೆ ತರುತ್ತೇನೆ ಅಂದ. ನಾನು 'ಭೇಷ್' ಅಂದೆ. ಮಾಡುವಾಗ ಅವನಿಗೆ ಮೂರು ಕಡೆ 75, ಒಂದು ಕಡೆ 100 ಕಂಡಿತು. 100 ಅಂದ್ರೆ ಕ್ವಿಂಟಲ್, ಅರ್ಥ ಆಗುತ್ತದೆ. 75 ಏನು? ಯಾವುದೋ ಹಳೇ ತಪ್ಪು ಇರಬೇಕು ಅಂದುಕೊಂಡ. ರೇಟು ಹತ್ತೊಂಬತ್ತು ನೂರು ಇತ್ತಲ್ಲ, ಬೆಂಬಲ ಬೆಲೆ 2,300ಕ್ಕಿಂತ ಕಡಿಮೆ. ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಯೂ ಸಿಗುವುದಿಲ್ಲ ಅಂತ ರೈತರು ಹೇಳುವುದನ್ನು ಅವನು ಪೇಪರಿನಲ್ಲಿ ಓದಿದ್ದ. ಹಾಗಾಗಿ ಅದೂ ಅವನಿಗೆ ಸರಿಯಾಗೇ ಕಂಡಿತು. ಈ ತಪ್ಪಿನ ಹಿಂದೆ ಇಷ್ಟು ಚೆಂದದ ತರ್ಕ ಇತ್ತು ಅಂತ ನನಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ.

75 ತೆಗೆದ ಕೂಡಲೇ ಮೂರು ಟೆಸ್ಟ್ (ಲೆಕ್ಕ ಸರಿ ಬರುತ್ತದಾ ಅಂತ ತಾನೇ ನೋಡುವ ಕೋಡ್) ಫೇಲ್ ಆದವು. ಆಗಬೇಕಾದದ್ದೇ ಆಯಿತು, ಟೆಸ್ಟ್ ತನ್ನ ಕೆಲಸ ಮಾಡಿತು. ಹುಡುಗ ನನಗೆ ಮೆಸೇಜ್ ಮಾಡಿದ: 'ಅಣ್ಣಾ, ಪಟ್ಟಿ ಟೆಸ್ಟ್ ಮೂರು ಫೇಲ್ ಆಗ್ತಿವೆ. ಹಳೇ ವ್ಯಾಲ್ಯೂ ಇರಬಹುದಾ?'

ನಾನು ಕೊಪ್ಪಳದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಎಡಗೈಯಲ್ಲಿ ಟೈಪ್ ಮಾಡಿದೆ: 'ಇರ್ಬೇಕು. ಅಪ್‌ಡೇಟ್ ಮಾಡಿಬಿಡು.'

ಇಡೀ ಪ್ರಕರಣದಲ್ಲಿ ಒಂದೇ ಒಂದು ಕ್ಷಣ ತೋರಿಸು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಅವನು ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ ಕೇಳಿದ್ದ. ಹೋಳಿಗೆ ಬಡಿಸುತ್ತಿದ್ದರು ಅಂತ ನಾನು ಬಾಯಿಗೆ ಬಂದದ್ದು ಹೇಳಿದೆ.

ಸಂಜೆ ಪುಲ್ ರಿಕ್ವೆಸ್ಟ್ ಬಂತು, ಅಂದ್ರೆ 'ಈ ಬದಲಾವಣೆ ನೋಡಿ ಒಪ್ಪಿ' ಅನ್ನುವ ಕೋರಿಕೆ. 31 ಫೈಲು, ಸುಮಾರು 1,400 ಸಾಲು. ಅದರಲ್ಲಿ ಜಾಸ್ತಿ ಪಾಲು ಫಾರ್ಮ್ಯಾಟಿಂಗ್ ಟೂಲ್ ಮಾಡಿದ ಬದಲಾವಣೆ, ಹೆಸರು ಬದಲಾವಣೆ, ಮತ್ತೆ ಹಳೇ ಕಾಲಂಗಳನ್ನು ಕಿತ್ತುಹಾಕುವ ಒಂದು ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಾಯಿಸುವ ಸ್ಕ್ರಿಪ್ಟ್). ನಡುವೆ ಎಲ್ಲೋ ಆ 75 ಹೋಗಿ 100 ಆದ ಸಾಲು. ನಾನು ಹನ್ನೊಂದು ನಿಮಿಷದಲ್ಲಿ ಅಪ್ರೂವ್ ಮಾಡಿದೆ. ಎರಡು ಕಾಮೆಂಟ್ ಹಾಕಿದ್ದೆ. ಒಂದು ವೇರಿಯಬಲ್ ಹೆಸರಿನ ಸ್ಪೆಲ್ಲಿಂಗ್ ಬಗ್ಗೆ. ಇನ್ನೊಂದು ಸಾಲಿನ ಕೊನೆಯಲ್ಲಿ ಉಳಿದಿದ್ದ ಸ್ಪೇಸ್ ಬಗ್ಗೆ.

ತಮಾಷೆ ಏನಂದ್ರೆ, 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಗಿದ್ದು ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಹಿಡಿದಿದ್ದರಿಂದ ಅನ್ನುವ ಕಥೆಯನ್ನು, ಆ ಹುಡುಗ ಸೇರಿದ ಮೊದಲ ವಾರ ಚಹಾ ಕುಡಿಯುತ್ತಾ ದೊಡ್ಡ ಗುರುವಿನ ಹಾಗೆ ಅವನಿಗೆ ಹೇಳಿದ್ದವನು ನಾನೇ.

ಶುಕ್ರವಾರ

ಬೆಳಿಗ್ಗೆ ಏಳೂವರೆಗೆ ಡಿಪ್ಲಾಯ್ ಆಯಿತು, ಅಂದ್ರೆ ಹೊಸ ಕೋಡ್ ಅಂಗಡಿಗಳಿಗೆ ಹೋಯಿತು. ಹತ್ತೂ ನಲವತ್ತಕ್ಕೆ ಒಂದು ಅಂಗಡಿಯ ಗುಮಾಸ್ತರ ಫೋನ್ ಬಂತು, ಅಕ್ಕ ಎತ್ತಿದರು. ರೈತನ ಭತ್ತ 4,800 ಕೆಜಿ. ರೇಟು 1,900. ಪಟ್ಟಿಯಲ್ಲಿ ಬಂದ ಮೊತ್ತ 91,200. ರೈತ ಚೀಲದ ಮೇಲೆ ಕೂತು ಬಾಯಿಲೆಕ್ಕ ಹಾಕಿದ್ದಾನೆ. ಅರವತ್ನಾಲ್ಕು ಚೀಲ, ಸಾವಿರದಂತೆ ಅರವತ್ನಾಲ್ಕು ಸಾವಿರ, ಒಂಬತ್ತುನೂರರಂತೆ ಐವತ್ತೇಳು ಸಾವಿರದ ಆರುನೂರು. ಒಟ್ಟು 1,21,600. ಮೂವತ್ತು ಸಾವಿರದ ನಾನೂರು ಎಲ್ಲಿ ಹೋಯಿತು ಅಂತ ಅಂಗಡಿಯಲ್ಲಿ ನಿಂತು ಕೇಳುತ್ತಿದ್ದಾನೆ. ಸುತ್ತ ಹತ್ತು ಜನ ಸೇರಿದ್ದಾರೆ.

ಅಕ್ಕ ಫೋನ್ ಇಡುವ ಮೊದಲೇ ನನ್ನ ಕಡೆ ತಿರುಗಿ ಅಂದರು: 'ತಮ್ಮಾ, ಎಪ್ಪತ್ತೈದು ಎಲ್ಲಿ ಹೋತು?'

ನಾನು ಸ್ಕ್ರೀನ್ ಮೇಲಿಂದ ಕಣ್ಣು ತೆಗೆಯದೆ, 'ಇಲ್ಲ ಅಕ್ಕ, ಟೆಸ್ಟ್ ಎಲ್ಲಾ ಪಾಸ್ ಆಗ್ಯಾವ' ಅಂದೆ.

'ಟೆಸ್ಟ್ ಪಾಸಾಗಿರಬಹುದು. ರೈತ ಫೇಲ್ ಮಾಡ್ಯಾನ.'

ಐದು ನಿಮಿಷದಲ್ಲಿ ಆ ಸಾಲು ಸಿಕ್ಕಿತು. ಬೆವರು ಬಂತು. ಹನ್ನೊಂದೂ ಕಾಲಿಗೆ ನಾನೇ ಕೂತು 100 ತೆಗೆದು 75 ಹಾಕಿ ನೇರ ಪ್ರೊಡಕ್ಷನ್ನಿಗೆ, ಅಂದ್ರೆ ಅಂಗಡಿಗಳು ಬಳಸುವ ಸಿಸ್ಟಮ್ಮಿಗೆ, ತಳ್ಳಿದೆ. ರಿವ್ಯೂ ಇಲ್ಲ, ಯಾರಿಗೂ ತೋರಿಸಲಿಲ್ಲ, ಹೀರೋ ಆಗುವ ಹೊತ್ತಲ್ವಾ. ಆದರೆ ಈಗ ಲೆಕ್ಕ ಎಲ್ಲಾ ಒಂದೇ ಫಂಕ್ಷನ್ನಿನಲ್ಲಿ ಇತ್ತು. ಹತ್ತಿಯೂ ಅಲ್ಲೇ ಬರುತ್ತಿತ್ತು. ಇಪ್ಪತ್ತೈದು ನಿಮಿಷದ ಮೇಲೆ ರಾಯಚೂರಿನಿಂದ ಫೋನ್. 12 ಕ್ವಿಂಟಲ್ ಹತ್ತಿ, 7,200 ರೇಟು, 86,400 ಬರಬೇಕಾದ ಕಡೆ 1,15,200 ಬಂದಿದೆ, ಒಬ್ಬ ರೈತನಿಗೆ ದುಡ್ಡು ಕೊಟ್ಟೂ ಆಗಿದೆ. ಭತ್ತದಲ್ಲಿ ಕಡಿಮೆ ಬಂದಿತ್ತು, ರೈತರು ಹಿಡಿದರು. ಹತ್ತಿಯಲ್ಲಿ ಜಾಸ್ತಿ ಬಂತು, ಅಂಗಡಿಯವರೇ ಹಿಡಿಯಬೇಕಾಯಿತು. ಎರಡನೇ ತಪ್ಪಿಗೆ ಹುಡುಗನ ಹೆಸರು ಹೇಳುವ ಹಾಗೂ ಇರಲಿಲ್ಲ.

ಹಳೇ ವರ್ಷನ್ನಿಗೆ ವಾಪಸ್ ಹೋಗೋಣ ಅಂದರೆ ಅದೂ ಆಗದು. ಮೈಗ್ರೇಷನ್ ಹಳೇ ಕಾಲಂಗಳನ್ನು ಕಿತ್ತುಹಾಕಿತ್ತು. ಹಳೇ ಕೋಡ್ ಹಾಕಿದರೆ ಅದು ಆ ಕಾಲಂಗಳನ್ನು ಹುಡುಕಿ ಬಿದ್ದುಹೋಗುತ್ತದೆ. ರಾತ್ರಿಯ ಬ್ಯಾಕಪ್ ತಂದು ಕೂರಿಸಿದರೆ ಬೆಳಿಗ್ಗೆಯಿಂದ ಆದ ತೂಕದ ಎಂಟ್ರಿ ಎಲ್ಲಾ ಹೋಗುತ್ತದೆ. ಇದನ್ನು ಮಾಲೀಕರಿಗೆ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದ್ರ ನಮ್ ಹತ್ರ ಸ್ಟಾಪ್‌ಲಾಗ್ ಇಲ್ಲೇನು?' ಅಂದರು. ಆ ಮಾತಿಗಿಂತ ಚೆನ್ನಾಗಿ ರೋಲ್‌ಬ್ಯಾಕ್ ಅಂದ್ರೇನು ಅಂತ ನಾನು ಯಾವ ಟ್ರೈನಿಂಗಿನಲ್ಲೂ ಕೇಳಿಲ್ಲ.

ಹನ್ನೆರಡೂವರೆಗೆ ಅವರು ಒಂದು ತೀರ್ಮಾನ ತಗೊಂಡರು. ತೂಕ ನಡೆಯಲಿ, ಪಟ್ಟಿ ಪ್ರಿಂಟ್ ನಿಲ್ಲಿಸಿ, ಅಂಗಡಿಯವರು ಕೈಯಲ್ಲಿ ಬರೆಯಲಿ. ನಾನು ಒಪ್ಪಲಿಲ್ಲ. ಇನ್ನೊಂದು ಅರ್ಧ ಗಂಟೆ ಕೊಡಿ ಅಂದೆ. ಸುಗ್ಗಿಯಲ್ಲಿ ನಿಲ್ಲಿಸಿದರೆ ಅಂಗಡಿಗಳು ನಮ್ಮನ್ನು ಬಿಟ್ಟುಹೋಗುತ್ತವೆ ಅಂತ ವಾದ ಮಾಡಿದೆ. 'ನಿಲ್ಲಿಸ್ರಿ' ಅಂತ ಒಂದೇ ಮಾತು ಹೇಳಿ, ತಾವೇ ಕೂತು ಒಂದೊಂದು ಅಂಗಡಿಗೂ ಫೋನ್ ಮಾಡಿದರು. ಕಾರ್ಬನ್ ಹಾಳೆಯ ಪಟ್ಟಿ ಪುಸ್ತಕ ಇನ್ನೂ ಎಲ್ಲಾ ಅಂಗಡಿಯ ಡ್ರಾಯರಿನಲ್ಲಿ ಇತ್ತು. ಎಷ್ಟೋ ಗುಮಾಸ್ತರಿಗೆ ಖುಷಿಯೇ ಆಯಿತಂತೆ. ಒಂದು ಅಂಗಡಿಯೂ ಬಿಟ್ಟುಹೋಗಲಿಲ್ಲ. ನಾನು ಅಂಜಿದ್ದು ನನ್ನ ಮಾನಕ್ಕೆ, ಅಂಗಡಿಗಳಿಗಲ್ಲ ಅಂತ ಈಗ ಅನಿಸುತ್ತದೆ.

ಕಿರ್ದಿ ತಿದ್ದಬಾರದು

ಸಂಜೆ ಹೊತ್ತಿಗೆ ಲೆಕ್ಕ ಸಿಕ್ಕಿತು. ಭತ್ತ, ಹತ್ತಿ ಸೇರಿ 63 ಪಟ್ಟಿ ತಪ್ಪು. ಒಂಬತ್ತಕ್ಕೆ ದುಡ್ಡು ಕೊಟ್ಟಾಗಿದೆ. ನಾನು ಒಂದು ಎಸ್‌ಕ್ಯುಎಲ್ ಅಪ್‌ಡೇಟ್ (ಡೇಟಾಬೇಸಿಗೆ ಕೊಡುವ ಆಜ್ಞೆ) ಬರೆದು, ಎಲ್ಲಾ ಸಾಲುಗಳಲ್ಲಿ ಮೊತ್ತ ಸರಿ ಮಾಡಿಬಿಡುತ್ತೇನೆ, ಎರಡು ನಿಮಿಷದ ಕೆಲಸ ಅಂದೆ.

ಅಕ್ಕ ಬೇಡ ಅಂದರು. 'ಬರೆದ ಕಿರ್ದಿ ತಿದ್ದಬಾರದು ತಮ್ಮಾ. ತಪ್ಪಾಗಿದ್ರ ಕೆಳಗ ಇನ್ನೊಂದು ಸಾಲು ಬರೀಬೇಕು. ರೈತನ ಕೈಯಾಗ 91,200ರ ಚೀಟಿ ಐತಿ. ನಿನ್ನ ಕಂಪ್ಯೂಟರಿನಾಗ ಅದು ಇಲ್ಲೇ ಇಲ್ಲ ಅಂದ್ರ, ನಾಳೆ ಅಂವ ಚೀಟಿ ಹಿಡ್ಕೊಂಡು ಬಂದಾಗ ಏನ್ ಹೇಳ್ತಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಡೇಟಾವನ್ನು ಅಳಿಸದೆ ಮೇಲಿಂದ ಸೇರಿಸುತ್ತಾ ಹೋಗುವ ಪದ್ಧತಿ ಬಗ್ಗೆ ನಾನು ಓದಿದ್ದೇನೆ, ಇಂಟರ್‌ವ್ಯೂಗಳಲ್ಲಿ ಮಾತಾಡಿದ್ದೇನೆ. ಮಿಲ್ಲಿನ ಕಿರ್ದಿ ಬರೆದವರಿಗೆ ಅದು ದಿನದ ರೂಢಿ. ಆ ರಾತ್ರಿ ಇಬ್ಬರೂ ಕೂತು 63 ಪಟ್ಟಿಗೂ ಒಂದೊಂದು ತಿದ್ದುಪಡಿ ಎಂಟ್ರಿ ಮಾಡಿದೆವು, ಹಳೇ ಪಟ್ಟಿ ನಂಬರ್ ಹಾಕಿ, ಕಾರಣ ಬರೆದು. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಕಡಿಮೆ ದುಡ್ಡು ಸಿಕ್ಕ ಎಂಟು ಜನರಿಗೆ ಶನಿವಾರ ಮಧ್ಯಾಹ್ನದೊಳಗೆ ಬಾಕಿ ಹೋಯಿತು. ಹತ್ತಿಯ ರೈತನ 28,800 ನಾವೇ ಭರಿಸುತ್ತೇವೆ ಅಂತ ಮಾಲೀಕರು ಹೇಳಿದ್ದರು. ಆದರೆ ಅಂಗಡಿಯವರು ಫೋನ್ ಮಾಡಿದ ಮೇಲೆ ಆತ ಮುಂದಿನ ವಾರ ಬಂದು ವಾಪಸ್ ಕೊಟ್ಟುಹೋದ.

ಶನಿವಾರ ಮೀಟಿಂಗ್. ಹುಡುಗ ತಲೆ ತಗ್ಗಿಸಿ ಕೂತಿದ್ದ. ಹಿಂದಿನ ರಾತ್ರಿಯೇ ಆ್ಯಪ್ ಮಾಡುವವಳ ಹತ್ತಿರ ಕೆಲಸ ಬಿಡುತ್ತೇನೆ ಅಂದಿದ್ದನಂತೆ. 'ಈ 75 ತೆಗೆದಿದ್ದು ಯಾರು?' ಅಂತ ಮಾಲೀಕರು ಕೇಳಿದರು. ನಾನು ಫೋನ್ ತೆಗೆದು ಮದುವೆ ಊಟದ ಆ ಮೆಸೇಜನ್ನು ದೊಡ್ಡ ಪರದೆಗೆ ಹಾಕಿದೆ. ಆಮೇಲೆ ಹಳೇ ಕೋಡಿನ ಮೇಲೆ ಗಿಟ್ ಬ್ಲೇಮ್ (ಯಾವ ಸಾಲು ಯಾರು ಬರೆದರು ಅಂತ ಹೇಳುವ ಸಾಧನ) ತೆಗೆದು ಆ ಸಾಲನ್ನು ಮೊದಲು ಬರೆದದ್ದು ಯಾರು ಅಂತ ತೋರಿಸಿದೆ. ನನ್ನ ಹೆಸರು, 2021, ಕಮಿಟ್ ಮೆಸೇಜ್ (ಬದಲಾವಣೆಗೆ ಹಾಕಿದ ಟಿಪ್ಪಣಿ) 'ಕ್ಯಾಲ್ಕ್ ಫಿಕ್ಸ್'. ಇದೇನೂ ದೊಡ್ಡತನ ಅಲ್ಲ. ಅವನು ಆ ಮೆಸೇಜ್ ತೋರಿಸದೆ ಸುಮ್ನೆ ಕೂತಿದ್ದು ನನಗೆ ತಡೆಯಲಾಗಲಿಲ್ಲ, ಅಷ್ಟೇ. ಅವನು ಬಿಟ್ಟುಹೋಗಲಿಲ್ಲ.

ಆಮೇಲೆ ಏನೇನು ಮಾಡಿದೆವು

ಮೊದಲು ಮಾಡಿದ್ದೆಲ್ಲಾ ದಂಡ. ಪ್ರತಿ ಪುಲ್ ರಿಕ್ವೆಸ್ಟಿಗೂ ಇಬ್ಬರು ರಿವ್ಯೂ ಮಾಡಬೇಕು ಅಂತ ನಿಯಮ ತಂದೆವು. ಕೋಡ್ ಬರೆಯುವವರೇ ಮೂರು ಜನ, ಅದರಲ್ಲಿ ಇಬ್ಬರು ರಿವ್ಯೂಗೆ ಕೂತರೆ ಕೆಲಸ ಮಾಡುವವರು ಯಾರು? ಒಂದು ತಿಂಗಳಲ್ಲಿ ಬಿಟ್ಟೆವು. ಹದಿನಾಲ್ಕು ಪ್ರಶ್ನೆಯ ಚೆಕ್‌ಲಿಸ್ಟ್ ಮಾಡಿದೆ, ಎಲ್ಲರೂ ಓದದೆ ಟಿಕ್ ಹಾಕಿದರು. ಹೆಚ್ಚು ಟಿಕ್ ಹಾಕಿದವನು ನಾನೇ.

ನಿಂತದ್ದು ಬೇರೆ ಕೆಲವು. ಕಾಲಂ ಹೆಸರಿನಲ್ಲೇ ಅಳತೆ ಬಂತು: ತೂಕ ಇದ್ದ ಕಡೆ 'ತೂಕ ಕೆಜಿ', ರೇಟಿನ ಪಕ್ಕದಲ್ಲಿ 'ರೇಟು ಎಷ್ಟು ಕೆಜಿಗೆ' ಅನ್ನುವ ಇನ್ನೊಂದು ಕಾಲಂ. ಪ್ರತಿ ಪಟ್ಟಿಯಲ್ಲೂ ಅದು ಆ ಹೊತ್ತಿನ ಬೆಲೆಯ ಜೊತೆ ಉಳಿಯುತ್ತದೆ. ನಾಳೆ ಅಂಗಡಿಯವರು ಲೆಕ್ಕದ ಪದ್ಧತಿ ಬದಲಾಯಿಸಿದರೂ ಹಳೇ ಪಟ್ಟಿ ಹಳೇ ಲೆಕ್ಕದಲ್ಲೇ ಇರುತ್ತದೆ. ಮೈಗ್ರೇಷನ್ ಈಗ ಎರಡು ಹೆಜ್ಜೆ. ಮೊದಲು ಹೊಸ ಕಾಲಂ ಸೇರಿಸುವುದು, ಹಳೇದೂ ಇರುತ್ತದೆ. ಎಲ್ಲಾ ಸರಿ ಇದೆ ಅಂತ ಗೊತ್ತಾದ ಮೇಲೆ ವಾರ ಬಿಟ್ಟು ಹಳೇದನ್ನು ತೆಗೆಯುವುದು. ಫಾರ್ಮ್ಯಾಟಿಂಗ್ ಬದಲಾವಣೆ ಬೇರೆ ಪುಲ್ ರಿಕ್ವೆಸ್ಟ್, ಲೆಕ್ಕ ಬದಲಾಗುವುದು ಬೇರೆ. ಇದರ ಬಗ್ಗೆ ಮಾತ್ರ ನಾನು ಈಗ ಜಗಳಗಂಟ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಹಳೇ ಪಟ್ಟಿಗಳು. ಅಕ್ಕ ಅಂಗಡಿಗಳಿಂದ ನಲವತ್ತು ಕಾರ್ಬನ್ ಪಟ್ಟಿ ಆರಿಸಿ ತಂದರು, ಜಿಡ್ಡು ಹಿಡಿದವು, ಅರಿಶಿನ ಕಲೆ ಆದವು. ಹುಡುಗ ಒಂದೊಂದನ್ನೂ ಟೆಸ್ಟ್ ಮಾಡಿದ. ಬರಬೇಕಾದ ಉತ್ತರ ಕಾಗದದಿಂದ ಬಂದದ್ದು, ಕೋಡ್ ಓಡಿಸಿ ನಕಲು ಮಾಡಿದ್ದಲ್ಲ. ಅದನ್ನು ಬದಲಾಯಿಸಬೇಕಾದರೆ ಯಾವ ಕಾಗದ ನೋಡಿ ಬದಲಾಯಿಸಿದೆ ಅಂತ ಬರೆಯಬೇಕು.

ಮೊದಲ ಸಲ ಓಡಿಸಿದಾಗ ಮೂರು ಪಟ್ಟಿಯಲ್ಲಿ ನಮ್ಮ ಖಾತೆ ಒಂದು ರೂಪಾಯಿ ಬೇರೆ ತೋರಿಸಿತು. ಹಮಾಲಿ ಚೀಲಕ್ಕೆ ಆರೂವರೆ ರೂಪಾಯಿ ಅಂತಿಟ್ಟುಕೊಳ್ಳಿ. 61 ಚೀಲಕ್ಕೆ 396.50. ಪಟ್ಟಿ ಪೈಥಾನ್ ಭಾಷೆಯ ಕೋಡಿನಲ್ಲಿ ಆಗುತ್ತಿತ್ತು. ಪೈಥಾನಿನ ರೌಂಡ್ ಫಂಕ್ಷನ್ ಸರಿಯಾಗಿ ಅರ್ಧ ಇದ್ದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ, ಹಾಗಾಗಿ 396. ಖಾತೆಗೆ ಹತ್ತಿಸುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನಲ್ಲಿ. ಅಲ್ಲಿ ನ್ಯೂಮರಿಕ್ ಅನ್ನುವ ಬಗೆಯ ಸಂಖ್ಯೆ ಆದರೆ ಇಂಥ ಮೊತ್ತದ ಅರ್ಧ ಯಾವಾಗಲೂ ಮೇಲಕ್ಕೆ, 397. ಆದರೆ 63 ಚೀಲ ಇದ್ದರೆ 409.50, ಎರಡೂ ಕಡೆ 410. ಹಾಗಾಗಿ ಒಮ್ಮೆ ತಪ್ಪು ಬರುತ್ತದೆ, ಒಮ್ಮೆ ಬರುವುದಿಲ್ಲ, ಹಿಡಿಯುವುದು ಹೇಗೆ? ಅಕ್ಕನಿಗೆ ತೋರಿಸಿದೆ. ಅವರು ನಕ್ಕು, 'ಇದು ಮೂರು ವರ್ಷದಿಂದ ಐತಿ. ತಿಂಗಳ ಕೊನೀಗೆ ಚಿಲ್ಲರೆ ವ್ಯತ್ಯಾಸ ಅಂತ ಅಂಗಡಿಯವರಿಗೆ ನಾನೇ ಬರೆಸ್ತಿದ್ದೆ' ಅಂದರು. ನಮಗೆ ಯಾಕೆ ಹೇಳಲಿಲ್ಲ ಅಂದೆ. 'ನೀವು ಯಾರು ಕೇಳಿದ್ರಿ?'

ಆ ಮಾತಿನ ಮೇಲೆ ಇನ್ನೊಂದು ಬದಲಾವಣೆ ಆಯಿತು. ಏನೇನು ತಪ್ಪಾಯಿತು ಅನ್ನುವ ವರದಿಯನ್ನು ನಾನು ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಅರ್ಧಕ್ಕೆ ಬಿಟ್ಟು ಕನ್ನಡದಲ್ಲಿ ಬರೆದೆ. ಅಕ್ಕ ಅದರಲ್ಲಿ ಆರು ಕಡೆ ತಿದ್ದಿದರು. ಈಗ ಲೆಕ್ಕ ಮುಟ್ಟುವ ಪ್ರತಿ ಪುಲ್ ರಿಕ್ವೆಸ್ಟಿನ ಮೇಲೆ ಕನ್ನಡದಲ್ಲಿ ಒಂದು ಸಾಲು ಇರುತ್ತದೆ: ಇದರಿಂದ ಪಟ್ಟಿಯಲ್ಲಿ ಏನು ಬದಲಾಗುತ್ತದೆ. ಕೆಳಗೆ ಹಳೇ ಪಟ್ಟಿ, ಹೊಸ ಪಟ್ಟಿ, ಎರಡರ ಫೋಟೋ. ಅಕ್ಕ ನೋಡಿ ಹ್ಞೂಂ ಅನ್ನದೆ ಮರ್ಜ್ ಇಲ್ಲ, ಅಂದ್ರೆ ಆ ಬದಲಾವಣೆ ಕೋಡಿಗೆ ಸೇರುವುದಿಲ್ಲ. ಆ ದಿನ ಈ ಒಂದು ಫೋಟೋ ಇದ್ದಿದ್ದರೆ, 1,21,600 ಇದ್ದ ಜಾಗದಲ್ಲಿ 91,200 ಕಂಡು ಅವರು ಅಲ್ಲೇ ಹಿಡಿಯುತ್ತಿದ್ದರು. 1,400 ಸಾಲು ಓದುವ ಅಗತ್ಯವೇ ಇರಲಿಲ್ಲ.

ಒಂದೇ ಲೆಕ್ಕ ಎರಡು ಕಡೆ ಬರೆಯಬಾರದು ಅನ್ನುವ ಮಾತನ್ನು ನಾನು ಈಗಲೂ ಒಪ್ಪುತ್ತೇನೆ. ಹುಡುಗ ಮಾಡಿದ ಫಂಕ್ಷನ್ ಈಗಲೂ ಇದೆ, ಚೆನ್ನಾಗಿದೆ. ಆದರೆ ನೋಡೋಕೆ ಒಂದೇ ಥರ ಇದ್ದ ಮಾತ್ರಕ್ಕೆ ಎರಡು ಸಾಲು ಒಂದೇ ಲೆಕ್ಕ ಆಗಿಬಿಡುವುದಿಲ್ಲ. ಭತ್ತದ ಸಾಲು, ಹತ್ತಿಯ ಸಾಲು ಅಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ಅದು ಗೊತ್ತಾಗದು. ಅಂಗಡಿಯ ಕಟ್ಟೆ ಮೇಲೆ ಹತ್ತು ನಿಮಿಷ ಕೂತರೆ ಗೊತ್ತಾಗುತ್ತದೆ.

ಈ ವಾರ ಹುಡುಗ ಶೇಂಗಾ ಸೇರಿಸುವ ಪುಲ್ ರಿಕ್ವೆಸ್ಟ್ ಹಾಕಿದ್ದಾನೆ. ಬರೀ 90 ಸಾಲು, ಟೆಸ್ಟ್ ಎಲ್ಲಾ ಇದೆ. ನಾನು ಓದಿ ಅಪ್ರೂವ್ ಮಾಡಿದೆ. ಅಕ್ಕ ಕೆಳಗೆ ಬರೆದಿದ್ದಾರೆ: 'ಖಾಲಿ ಚೀಲದ ತೂಕ ಕಳೆಯೋದು ಎಲ್ಲಿ? ಯಾವ ಅಂಗಡಿಯಲ್ಲಿ ಕೇಳಿದ್ರಿ?' ಹುಡುಗ ಬೆಳಿಗ್ಗೆ ಬೈಕ್ ಹತ್ತಿ ನೋಟ್‌ಬುಕ್ ಹಿಡಿದು ಹೋಗಿದ್ದಾನೆ. ಮಧ್ಯಾಹ್ನ ಆದರೂ ಬಂದಿಲ್ಲ. ಪುಲ್ ರಿಕ್ವೆಸ್ಟ್ ಹಾಗೇ ತೆರೆದಿದೆ.